ತುಪ್ಪದ ಕೊಳದ ಬತೇರಿಯಲ್ಲಿ ಎರಡು ಹೋಳಿಗೆ

ದಾವಣಗೆರೆ ಬೇರೆ ಜಿಲ್ಲೆಯಾದ ಮರುವರ್ಷ ನಾನು ಮೊದಲ ಸಲ ಚಿತ್ರದುರ್ಗದ ಕೋಟೆ ಹತ್ತಿದೆ. ಅಲ್ಲಿಯವರೆಗೆ ಅದು ನಮ್ಮದೇ ಜಿಲ್ಲೆಯ ಕೋಟೆಯಾಗಿತ್ತು. ನಮ್ಮದೇ ಆದದ್ದನ್ನು ಹೋಗಿ ನೋಡುವ ಪದ್ಧತಿ ನಮ್ಮ ಕಡೆ ಇಲ್ಲ. ಕೋರ್ಟು, ಕಚೇರಿ, ಜಮೀನಿನ ತಕರಾರು ಎಂದು ದುರ್ಗಕ್ಕೆ ಹೋಗಿ ಬಂದದ್ದಕ್ಕೆ ಲೆಕ್ಕವಿರಲಿಲ್ಲ. ಕಚೇರಿಯ ಬೆಂಚಿನ ಮೇಲೆ ಕೂತು, ಕಿಟಕಿಯಿಂದ ಬೆಟ್ಟದ ಕಡೆ ಕಣ್ಣು ಹಾಯಿಸಿ, ಗೋಡೆ ಇನ್ನೂ ಗಟ್ಟಿಯಿದೆ ಎಂದು ಮನಸ್ಸಿನಲ್ಲೇ ಷರಾ ಬರೆದು, ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿದ್ದೆವು. ಪಾಲಾಗಿ ಬೇರೆ ಒಲೆ ಹೂಡಿದ ಮೇಲೆಯೇ ಹಳೇ ಮನೆಯಲ್ಲಿ ಇಂಥದೊಂದು ಅಟ್ಟವಿತ್ತಲ್ಲ ಎಂದು ನೆನಪಾದದ್ದು.

ಆದರೆ ನಾವು ಹೋದದ್ದು ಇತಿಹಾಸ ನೋಡುವುದಕ್ಕಲ್ಲ, ಹೆಣ್ಣು ತೋರಿಸುವುದಕ್ಕೆ.

ಹೆಣ್ಣು ನನ್ನ ಅಕ್ಕನ ಮಗಳು. ಆವರಗೆರೆಯ ಶಾಲೆಯಲ್ಲಿ ಟೀಚರಾಗಿದ್ದಳು. ಅವಳನ್ನು ನೋಡಲು ಅದುವರೆಗೆ ಹಲವು ಮನೆಯವರು ಬಂದು ಹೋಗಿದ್ದರು. ಎಲ್ಲರೂ ಸಜ್ಜನರೇ. ಬಂದು ಜಮಖಾನದ ಮೇಲೆ ಕೂತು, ಅವಳು ತಂದಿಟ್ಟ ಉಪ್ಪಿಟ್ಟು ತಿಂದು, ಚಹಾ ಕುಡಿದು, ಹಾಡು ಬರುತ್ತದೆಯೇ ಎಂದು ಕೇಳಿ, ಎದ್ದು ನಿಂತು, "ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದು ಕೈ ಮುಗಿದು ಹೋದವರು. ಅಲ್ಲಿಗೆ ಮುಗಿಯಿತು. ಹೇಳಿ ಕಳಿಸುವುದು ಎಂಬ ಕ್ರಿಯೆಯಲ್ಲಿ ಹೇಳುವುದೂ ಇರಲಿಲ್ಲ, ಕಳಿಸುವುದೂ ಇರಲಿಲ್ಲ. ಅಕ್ಕ ಮಾತ್ರ ವಾರಗಟ್ಟಲೆ ಗೇಟಿನ ಹತ್ತಿರ ನಿಂತು ರಸ್ತೆಯ ತಿರುವು ನೋಡುತ್ತಿದ್ದಳು. ಯಾರಾದರೂ ಬಿಳಿ ಅಂಗಿಯವರು ಸೈಕಲ್ಲಿನಿಂದ ಇಳಿದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವರು ವಿಮೆ ಕಂತಿನವರೋ ಪಕ್ಕದ ಮನೆಯ ನೆಂಟರೋ ಆಗಿರುತ್ತಿದ್ದರು.

ಹರಿಹರದ ಸಂಬಂಧದ ಮಾತು ಬಂದಾಗ ಹುಡುಗಿ ಎರಡು ಷರತ್ತು ಹಾಕಿದಳು. ಒಂದು, ತಟ್ಟೆ ಹಿಡಿದುಕೊಂಡು ಜಮಖಾನದ ಮುಂದೆ ಬರುವುದಿಲ್ಲ. ನೋಡುವುದಿದ್ದರೆ ಹೊರಗೆಲ್ಲಾದರೂ ನೋಡಲಿ, ತಾನೂ ನೋಡುತ್ತೇನೆ. ಎರಡು, ಹೇಳಿ ಕಳಿಸುವ ಮಾತಿಲ್ಲ. ಹೌದೋ ಅಲ್ಲವೋ ಅಲ್ಲೇ, ಅವತ್ತೇ ತಿಳಿಯಬೇಕು. ಮೊದಲನೆಯದನ್ನು ಅಕ್ಕ ಅಳುತ್ತ ಒಪ್ಪಿದಳು. ಎರಡನೆಯದನ್ನು ಹುಡುಗನ ಕಡೆಯವರ ಕಿವಿಗೆ ಹಾಕುವ ಧೈರ್ಯ ಯಾರಿಗೂ ಆಗಲಿಲ್ಲ. ನೋಡಿದ ದಿನವೇ ಉತ್ತರ ಕೇಳುವುದು ನಮ್ಮವರಲ್ಲಿ ಇಲ್ಲ. ಹಾಗೆ ಕೇಳಿದರೆ ಹುಡುಗಿಯಲ್ಲಿ ಏನೋ ಐಬಿದೆ, ಸಾಗಹಾಕಲು ಅವಸರ ಮಾಡುತ್ತಿದ್ದಾರೆ ಎಂದು ಅರ್ಥ.

ಹೊರಗೆಲ್ಲಿ ಎಂಬುದು ಮುಂದಿನ ಪ್ರಶ್ನೆ. ಹರಿಹರದವರು ತಮ್ಮೂರ ದೇವಸ್ಥಾನ ಎಂದರು. ಅಲ್ಲಿ ಪ್ರತಿ ಕಂಬಕ್ಕೂ ನಮ್ಮ ಒಬ್ಬ ನೆಂಟರು ಒರಗಿ ಕೂತಿರುತ್ತಾರೆ. ಹೊಳೆಯ ಸೇತುವೆ ಎಂದರೆ ಲಾರಿ ಡ್ರೈವರುಗಳೆಲ್ಲ ಹೆಣ್ಣು ನೋಡುತ್ತಾರೆ. ಕೊಂಡಜ್ಜಿ ಕೆರೆಯ ಮಾತೂ ಬಂತು. ಅಲ್ಲಿನ ಶಿಬಿರದ ಸ್ಕೌಟ್ ಮಕ್ಕಳು ದಿನವಿಡೀ ಸೀಟಿ ಊದುತ್ತಾರೆ, ಹೆಣ್ಣುಮಗಳು ನಿಂತ ಕಡೆ ಸೀಟಿ ಊದುವುದು ಮರ್ಯಾದೆಯಲ್ಲ ಎಂದು ಅಕ್ಕ ತಳ್ಳಿಹಾಕಿದಳು. ಕೊನೆಗೆ, ಯಾರ ಪರಿಚಯವೂ ಇಲ್ಲದ ಪರಜಿಲ್ಲೆಯೇ ಸರಿ ಎಂದು ತೀರ್ಮಾನವಾಗಿ ದುರ್ಗದ ಕೋಟೆ ಗೊತ್ತಾಯಿತು.

ಭಾವ ಬರಲಿಲ್ಲ. ಅವರು ಕಾಳುಕಡಿ ವ್ಯಾಪಾರಿ. ತಾವು ಗಾದಿ ಬಿಟ್ಟು ಎದ್ದರೆ ತೊಗರಿಯ ಧಾರಣೆ ಬೀಳುತ್ತದೆ ಎಂದು ನಂಬಿದವರು. "ಸೋದರಮಾವ ಅಂತ ನೀನಿದೀಯಲ್ಲ, ಮುಂದೆ ನಿಂತು ನೋಡ್ಕ" ಎಂದು ಅಧಿಕಾರವನ್ನೆಲ್ಲ ನನಗೆ ವಹಿಸಿದರು. ನನ್ನದು ಚೌಕಿಪೇಟೆಯಲ್ಲಿ ಸ್ಟೀಲು ಪಾತ್ರೆ ಅಂಗಡಿ. ಅದನ್ನು ಮುಚ್ಚಿದರೆ ಯಾವ ಧಾರಣೆಗೂ ಧಕ್ಕೆಯಿರಲಿಲ್ಲ.

ಹರಿಹರದಿಂದ ದುರ್ಗಕ್ಕೆ ಹೋಗುವ ಬಸ್ಸು ದಾವಣಗೆರೆಯ ಮೇಲೇ ಹೋಗಬೇಕು. ನಾವು ಹತ್ತಿದ ಬಸ್ಸಿನಲ್ಲಿ ಅವರು ಆಗಲೇ ಕೂತಿದ್ದರು: ಹುಡುಗ, ಹುಡುಗನ ತಂದೆ ಸಾವ್ಕಾರರು, ಹುಡುಗನ ತಾಯಿ. ಫೋಟೋದಲ್ಲಿ ನೋಡಿದ್ದರಿಂದ ಗುರುತು ಸಿಕ್ಕಿತು. ಅವರಿಗೂ ಸಿಕ್ಕಿತು. ಆದರೆ ಭೇಟಿಯೆಂದು ನಿಗದಿಯಾದದ್ದು ಕೋಟೆಯ ಬಾಗಿಲಲ್ಲಿ, ಬೆಳಿಗ್ಗೆ ಹತ್ತರ ಮೇಲೆ, ರಾಹುಕಾಲ ಕಳೆದು. ಅದಕ್ಕೆ ಮೊದಲು ಪರಿಚಯ ತೋರಿಸುವುದು ಕ್ರಮವಲ್ಲ. ಆದ್ದರಿಂದ ಅವರು ಮುಂದೆ, ನಾವು ಹಿಂದೆ, ಒಬ್ಬರಿಗೊಬ್ಬರು ಯಾರೋ ಏನೋ ಎಂಬಂತೆ ದಾರಿಯುದ್ದಕ್ಕೂ ಕೂತೆವು. ಭರಮಸಾಗರದಲ್ಲಿ ಚಹಾಕ್ಕೆಂದು ಬಸ್ಸು ನಿಂತಾಗ ಸಾವ್ಕಾರರು ಒಂದೇ ಅಂಗಡಿಯ ಮುಂದೆ ನನ್ನ ಪಕ್ಕದಲ್ಲೇ ನಿಂತು, ಹೊಲದ ಕಡೆ ಮುಖ ಮಾಡಿ ಚಹಾ ಕುಡಿದರು. ನಾನು ಊರಿನ ಕಡೆ ಮುಖ ಮಾಡಿ ಕುಡಿದೆ. ಹುಡುಗ ಮಾತ್ರ ಶಾಸ್ತ್ರ ಮರೆತು ನಮಸ್ಕಾರ ಮಾಡಿಬಿಟ್ಟ. ಅವನ ತಾಯಿ ಅವನ ಅಂಗಿಯ ಚುಂಗು ಹಿಡಿದು ಎಳೆದರು.

ಬಸ್ಸು ಹೊರಟ ಮೇಲೆ ಹುಡುಗಿ ತನ್ನ ಚೀಲದಿಂದ ಚಿಕ್ಕ ಸ್ಟೀಲು ಡಬ್ಬಿಯೊಂದನ್ನು ತೆಗೆದು ನನಗೆ ತೋರಿಸಿದಳು. ನಮ್ಮ ಅಂಗಡಿಯದೇ ಮಾಲು. ಅಕ್ಕ ಕಿಟಕಿಗೆ ಒರಗಿ ನಿದ್ದೆ ಮಾಡುತ್ತಿದ್ದಳು.

"ಮಾವ, ಇದ್ರಾಗೆ ಎರಡು ಶೇಂಗಾ ಹೋಳಿಗೆ ಅದಾವೆ. ಅವ್ವಂಗೆ ಗೊತ್ತಿಲ್ಲ."

"ಯಾರಿಗೆ?"

"ಎಲ್ರೂ ಅವರ ಉತ್ತರ ಕಾಯ್ತೀರಿ. ನಂದೂ ಒಂದು ಉತ್ತರ ಐತೆ ಅಂತ ಯಾರೂ ಕೇಳಲ್ಲ. ಈ ಹುಡುಗ ಕೇಳಿದ್ರೆ, ಮನಸ್ಸಿಗೂ ಬಂದ್ರೆ, ಡಬ್ಬಿ ತೆಗೀತೀನಿ. ಅವರು ತಿಂದ್ರೆ ಅವರ ಉತ್ತರನೂ ಸಿಕ್ಕಂಗಾತು. ಇಲ್ಲಾಂದ್ರೆ ಸಂಜೆಗೆ ಎರಡೂ ನಿನಗೇ ಕೊಡ್ತೀನಿ, ತಿನ್ನು."

ಇದರ ಗಾಂಭೀರ್ಯ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಮಾತು ಕೊಡುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಊಟ ಮಾಡುವುದಿಲ್ಲ. ಉಪ್ಪಿಟ್ಟು, ಚಹಾ ಪರವಾಗಿಲ್ಲ. ಅವು ದಾರಿಹೋಕರಿಗೂ ಸಿಗುವಂಥವು. ಎಲೆ ಹಾಕಿ ಉಂಡರೆ, ಅದರಲ್ಲೂ ಸಿಹಿ ಉಂಡರೆ, ಸಂಬಂಧ ಒಪ್ಪಿದಂತೆ. ಉಂಡ ಮೇಲೆ ಇಲ್ಲ ಎನ್ನುವ ಹಾಗಿಲ್ಲ. ಹೋಳಿಗೆ ನನಗೆ ಸಿಗದಿರಲಿ ಎಂದು ದೇವರನ್ನು ಬೇಡಿಕೊಂಡದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಕೋಟೆಯ ಬಾಗಿಲಲ್ಲಿ, ಗೊತ್ತಾದ ಹೊತ್ತಿಗೆ ಸರಿಯಾಗಿ, ಆಗ ತಾನೇ ಕಂಡವರಂತೆ ಎರಡೂ ಕಡೆಯವರು ಕೈ ಮುಗಿದೆವು. "ಬರ್ರಿ ಬರ್ರಿ, ಯಾವಾಗ ಬಂದ್ರಿ?" ಎಂದು ಸಾವ್ಕಾರರು ಕೇಳಿದರು. ಈಗ ಬಂದೆವು ಎಂದೆ. "ಬಸ್ ಹೆಂಗಿತ್ತು?" ಎಂದರು. ಚೆನ್ನಾಗಿತ್ತು ಎಂದೆ. ಅವರು ತಲೆಯಾಡಿಸಿ, ತಮ್ಮದೂ ಚೆನ್ನಾಗಿತ್ತು ಎಂದರು.

ಸಾವ್ಕಾರರು ದಪ್ಪ ಆಳು. ಹರಿಹರದಲ್ಲಿ ಕಿರಾಣಿ ಅಂಗಡಿ, ಪಕ್ಕದ ಸಾರಥಿ ಊರಿನಲ್ಲಿ ಗದ್ದೆ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತಮ್ಮ ಮನೆಯ ಬುತ್ತಿಯ ಗಂಟು. ಬುತ್ತಿಯನ್ನು ಮಗನಿಗೂ ಕೊಟ್ಟಿರಲಿಲ್ಲ. ನಮ್ಮ ಊಟಕ್ಕೆ ತಾವು ಕೈ ಹಾಕುವುದಿಲ್ಲ ಎಂಬುದಕ್ಕೆ ಆ ಗಂಟೇ ಸಾಕ್ಷಿ. ನನ್ನನ್ನು ಏನೆಂದು ಕರೆಯುವುದು ಎಂಬ ತೊಡಕು ಅವರಿಗಿತ್ತು. ಬೀಗರೆ ಎಂದರೆ ಕೆಲಸ ಮುಗಿದೇ ಹೋಯಿತು. ಬೇರೆ ಏನೆಂದರೂ ಸಂಬಂಧ ಒಲ್ಲೆ ಎಂದಂತೆ. ಆದ್ದರಿಂದ ದಿನವಿಡೀ ನನ್ನನ್ನು "ಇವರೇ" ಎಂದರು. "ಇವರೇ, ಆ ಕಲ್ಲು ನೋಡ್ರಿ." "ಇವರೇ, ಇಲ್ಲಿ ಜಾರ್ತತೆ."

ಕೋಟೆಯ ದಾರಿ ಒಂದು ಬಾಗಿಲಿಂದ ಇನ್ನೊಂದಕ್ಕೆ ನೇರ ಹೋಗುವುದಿಲ್ಲ. ಗೋಡೆಯ ಪಕ್ಕ ಹೊರಳಿ, ಮತ್ತೆ ಹೊರಳಿ, ಇನ್ನೇನು ಮುಗಿಯಿತು ಎನ್ನುವಾಗ ಮತ್ತೊಂದು ಗೋಡೆ ಎದುರಾಗುತ್ತದೆ. ಶತ್ರುವಿಗೆ ದಾರಿ ತಿಳಿಯಬಾರದೆಂದು ಹಾಗೆ ಕಟ್ಟಿದ್ದಂತೆ. ನಮ್ಮ ಮದುವೆ ಮಾತುಕತೆ ಕಟ್ಟಿದವರೂ ಅದೇ ಮೇಸ್ತ್ರಿಗಳಿರಬೇಕು. ಹುಡುಗ ಹುಡುಗಿ ನಡುವೆ ಸಾವ್ಕಾರರು ಕೊಡೆ ಹಿಡಿದು ನಡೆದರು. ಹುಡುಗನಿಗೆ ಹರಿಹರದಲ್ಲಿ ನೀರೆತ್ತುವ ಮೋಟಾರು ರಿಪೇರಿ ಮಾಡುವ ಅಂಗಡಿಯಿತ್ತು. ಹೊಂಡ ಕಂಡಲ್ಲೆಲ್ಲ ಬಗ್ಗಿ ನೋಡಿ, ಮೇಲಿನ ಹೊಂಡದ ನೀರು ತುಂಬಿದ ಮೇಲೆ ಕೆಳಗಿನದಕ್ಕೆ ಹರಿಯುವ ಬಗೆಯನ್ನು ಕೊಡೆಯ ಆಚೆಯಿಂದಲೇ ವಿವರಿಸಿದ. ಹುಡುಗಿ ಕೊಡೆಯ ಈಚೆಯಿಂದ ಹೂಂಗುಟ್ಟಿದಳು. ಅಲ್ಲಿಗೆ ಪರಸ್ಪರ ನೋಡುವುದು ನಡೆಯುತ್ತಿದೆ ಎಂದು ಹಿರಿಯರು ತೃಪ್ತರಾದೆವು.

ದೇವಿಯ ಗುಡಿಯ ಹತ್ತಿರದ ಕಲ್ಲು ಮಂಟಪಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಸಾವ್ಕಾರರು ಗಂಟನ್ನು ಪಕ್ಕದಲ್ಲಿಟ್ಟು ಮುಖ ಒರೆಸಿಕೊಂಡರು. ಅಷ್ಟೇ ಸಾಕಾಯಿತು. ಗೋಡೆಯ ಮೇಲಿದ್ದ ಕೋತಿ ಇಳಿದು ಬಂದು, ಗಂಟು ಎತ್ತಿಕೊಂಡು, ಯಾವ ಅವಸರವೂ ಇಲ್ಲದೆ ಮೇಲೆ ಹೋಗಿ ಕೂತಿತು. ಹುಡುಗ ಕಲ್ಲು ತೋರಿಸಿದ. ಅದು ಹಲ್ಲು ತೋರಿಸಿತು. ಗಂಟನ್ನು ಸೊಗಸಾಗಿ ಬಿಚ್ಚಿ, ಚಪಾತಿಯನ್ನು ಒಂದೊಂದಾಗಿ ನೋಡಿ, ಯಾರ ಮನೆಯದು, ಮಾತಾಗಿದೆಯೇ ಎಂದು ವಿಚಾರಿಸದೆ ಉಂಡಿತು. ಮೊಸರು ಬುತ್ತಿಯನ್ನು ಬಂಧುಬಳಗಕ್ಕೆ ಬಿಟ್ಟಿತು.

ಈಗ ಸಂದಿಗ್ಧ ಒದಗಿತು. ಅಕ್ಕನ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರನ್ನ, ಎಲ್ಲರಿಗೂ ಆಗಿ ಮಿಗುವಷ್ಟಿತ್ತು. ಅಕ್ಕ ಬಟ್ಟೆ ಸರಿಸಿ, ಬರ್ರಿ ಎಲ್ಲರೂ ಉಣ್ಣೋಣ ಎಂದಳು. ಸಾವ್ಕಾರರು ಎಣ್ಣೆಗಾಯಿಯ ವಾಸನೆ ಬಂದ ಕಡೆಯಿಂದ ಮುಖ ತಿರುಗಿಸಿ, ಹಸಿವಿಲ್ಲ ಎಂದರು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರು ಅವರು. ಹೊಟ್ಟೆ ಗುಡುಗಿದ್ದು ಮಂಟಪದಲ್ಲಿ ಪ್ರತಿಧ್ವನಿಸಿತು. ಅಕ್ಕ ಕೇಳಿಸದವಳಂತೆ ಮತ್ತೆ ಕರೆದಳು. ಸಾವ್ಕಾರರು ಮತ್ತೆ ಒಲ್ಲೆ ಎಂದರು. ಅವರು ಉಣ್ಣದೆ ನಾವು ಉಣ್ಣುವಂತಿಲ್ಲ. ನಾವು ಮಾತು ಪಡೆಯದೆ ಅವರು ಉಣ್ಣುವಂತಿಲ್ಲ. ಮಾತು ಕೊಡುವುದಕ್ಕೆ ಊರಿಗೆ ಹೋಗಬೇಕು. ಹೀಗೆ ಎರಡು ಸೈನ್ಯಗಳೂ ರೊಟ್ಟಿಬುಟ್ಟಿಯ ಎರಡು ಕಡೆ ಬೀಡುಬಿಟ್ಟವು.

ಹುಡುಗಿ ಎದ್ದು, ತಾನು ಮೇಲಿನ ಬತೇರಿ ನೋಡಿ ಬರುತ್ತೇನೆ ಎಂದಳು. ಚೀಲ ಹೆಗಲಿಗೆ ಹಾಕಿಕೊಂಡಳು. ಹುಡುಗ, ದಾರಿ ಕಡಿದಾಗಿದೆ, ತಾನೂ ಹೋಗುವುದು ಒಳ್ಳೆಯದು ಎಂದ. ಸಾವ್ಕಾರರು, ಹಾಗಾದರೆ ಹಿರಿಯರೊಬ್ಬರು ಜೊತೆಗಿರಲಿ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಕಾವಲು ಬತೇರಿಗೆ ಕಾವಲುಗಾರನಾಗಿ ನಾನು ಹೊರಟೆ.

ತುಪ್ಪದ ಕೊಳದ ಬತೇರಿ ಎಂದರೆ ಕೋಟೆಯ ನೆತ್ತಿಯಲ್ಲಿರುವ ಕಾವಲು ಬುರುಜು. ಬಂಡೆಯಲ್ಲಿ ತೋಡಿದ ಗುಂಡಿಗಳಲ್ಲಿ ಹಿಂದಿನವರು ತುಪ್ಪ ತುಂಬಿಡುತ್ತಿದ್ದರಂತೆ. ಅಕ್ಕನೂ ತುಪ್ಪವನ್ನು ಯಾರ ಕೈಗೂ ಎಟುಕದ ಗೂಡಿನಲ್ಲಿಡುವುದರಿಂದ ನನಗೆ ಇದರಲ್ಲಿ ವಿಶೇಷ ಕಾಣಲಿಲ್ಲ. ವಿಶೇಷ ಇದ್ದದ್ದು ದಾರಿಯಲ್ಲಿ. ಮೆಟ್ಟಿಲಿಲ್ಲ. ಬೋಳು ಬಂಡೆಯ ಮೇಲೆ ಕಾಲ ತುದಿ ಹಿಡಿಯುವಷ್ಟು ಕಚ್ಚು ಕಡಿದಿದ್ದಾರೆ, ಅಷ್ಟೇ. ಹುಡುಗ ಮುಂದೆ ಹತ್ತಿದ. ಕೈ ಚಾಚಿ ಹಿಡಿದುಕೊಳ್ಳಿ ಎನ್ನುವಂತಿಲ್ಲವಲ್ಲ. ತಿರುಗಿ ನೋಡಿ, ಬಲಗಾಲು ಇಲ್ಲಿ, ಎಡಗಾಲು ಅಲ್ಲಿ ಎಂದು ಬಾಯಲ್ಲೇ ಹತ್ತಿಸುತ್ತಿದ್ದ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹುಡುಗಿ ಸ್ವಲ್ಪ ದೂರ ಹಾಗೆ ಹತ್ತಿ, "ನಿಮ್ಮ ಚಪ್ಪಲಿ ಜಾರ್ತಾವೆ, ಮೊದ್ಲು ಅವನ್ನ ಬಿಚ್ರಿ" ಎಂದಳು. ಅವನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಇಬ್ಬರೂ ಸಲೀಸಾಗಿ ಹತ್ತಿ ಮರೆಯಾದರು.

ನಾನು ಪಂಚೆ ಎತ್ತಿ ಕಟ್ಟಿ ನಾಲ್ಕು ಕಾಲಿನಲ್ಲಿ ಹೊರಟೆ. ಅಷ್ಟೊಂದು ಸೈನ್ಯಗಳು ಈ ಕೋಟೆಯ ಮುಂದೆ ಯಾಕೆ ಸೋತವೆಂಬುದು ನನಗೆ ಆಗ ಹೊಳೆಯಿತು. ಅವರೂ ಪಂಚೆ ಉಟ್ಟಿರಬೇಕು. ಗಾಳಿ ಪಂಚೆಯನ್ನು ಒಂದು ಕಡೆ ಒಯ್ದರೆ ಮರ್ಯಾದೆ ಇನ್ನೊಂದು ಕಡೆ ಎಳೆಯುತ್ತಿತ್ತು. ಮೇಲಿನ ಅಂಚಿಗೆ ಇನ್ನು ನಾಲ್ಕಾರು ಕಚ್ಚುಗಳಿರುವಾಗ ಉಸಿರು ಸಾಲದೆ ಬಂಡೆಗೆ ಹಲ್ಲಿಯಂತೆ ಅಂಟಿ ನಿಂತೆ. ನಾನು ಅಲ್ಲಿರುವುದು ಅವರಿಗೆ ಕಾಣುವಂತಿರಲಿಲ್ಲ. ಮಾತು ಮಾತ್ರ ನನಗೆ ಸ್ಪಷ್ಟ ಕೇಳಿಸುತ್ತಿತ್ತು.

ಮೊದಲು ಅವನು ಶಾಲೆಯ ವಿಷಯ ಕೇಳಿದ. ಅವಳು, ಮದುವೆಯಾದರೂ ಕೆಲಸ ಬಿಡುವುದಿಲ್ಲ ಎಂದಳು. ಅವನು, ಯಾಕೆ ಬಿಡಬೇಕು, ಹರಿಹರದಿಂದ ಬೆಳಿಗ್ಗೆ ಬಸ್ಸಿದೆಯಲ್ಲ ಎಂದ.

"ನಮ್ಮಪ್ಪ ಊರಿಗೆ ಹೋಗಿ ಹೇಳಿ ಕಳಿಸ್ತಾರೆ," ಎಂದ ಅವನು. "ಅವರ ಪದ್ಧತಿ ಅದು. ನಿಮ್ಮ ಕಡೆಯಿಂದ ಯಾರು ಹೇಳಿ ಕಳಿಸ್ತಾರೆ?"

"ಹೆಣ್ಣಿನ ಕಡೆಯೋರು ಹೇಳಿ ಕಳಿಸೋದಿಲ್ಲ."

"ಯಾಕ್ರಿ?"

"ಯಾರೂ ಕೇಳಲ್ಲ, ಅದಕ್ಕೆ."

"ನಾನು ಕೇಳ್ತಾ ಇದೀನಲ್ರಿ."

ಚೀಲದ ಜಿಪ್ಪು ಎಳೆದ ಸದ್ದು. ನಾನು ಬಂಡೆಗೆ ಕಿವಿ ಹಚ್ಚಿದೆ. ಆ ಡಬ್ಬಿಯ ಮುಚ್ಚಳ ತೆಗೆದರೆ ಟಪ್ ಎನ್ನುತ್ತದೆ. ಎಷ್ಟೋ ಗಿರಾಕಿಗಳಿಗೆ ತೆಗೆದು, ಹಾಕಿ, ಮತ್ತೆ ತೆಗೆದು ತೋರಿಸಿದವನು ನಾನು. ಟಪ್ ಎನ್ನಲಿಲ್ಲ. ಅವಳು ಎಳೆಯುತ್ತಿದ್ದಳೆಂದು ಬಳೆಯ ಸದ್ದಿನಿಂದ ತಿಳಿಯಿತು. ಮತ್ತೂ ಟಪ್ ಎನ್ನಲಿಲ್ಲ. ತಲೆಕೆಳಗು ಮಾಡಿದರೂ ಎಣ್ಣೆ ಸೋರುವುದಿಲ್ಲ, ನಮ್ಮ ಮಾಲು ಅಷ್ಟು ಬಿಗಿ ಎಂದು ನಾನೇ ಅಕ್ಕನಿಗೆ ಹೊಗಳಿ ಕೊಟ್ಟ ಡಬ್ಬಿ ಅದು. ನನ್ನ ವ್ಯಾಪಾರದ ನಿಯತ್ತಿನ ಬಗ್ಗೆ ನನಗೆ ಆ ಹೊತ್ತು ಹುಟ್ಟಿದ ಬೇಸರ ಹಿಂದೆಂದೂ ಹುಟ್ಟಿರಲಿಲ್ಲ.

"ಇತ್ಲಾಗೆ ಕೊಡ್ರಿ," ಎಂದ ಹುಡುಗ.

ಮೋಟಾರು ಬಿಚ್ಚುವ ಕೈ. ಏನು ಮಾಡಿದನೋ, ಟಪ್ ಎಂದಿತು.

"ಹೋಳಿಗೆ," ಎಂದ. ಆಮೇಲೆ ನಿಧಾನವಾಗಿ, "ಇದನ್ನ ತಿಂದ್ರೆ ಏನಂತ ನಿಮಗೆ ಗೊತ್ತೈತಲ್ಲ?" ಎಂದ.

"ಗೊತ್ತಿದ್ದೇ ತಂದಿರೋದು. ನಿಮಗೆ ಗೊತ್ತಿದ್ರೆ ತಿನ್ರಿ."

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಕಾಲು ಮರಗಟ್ಟಿತ್ತು. ಆಮೇಲೆ ಅವನ ದನಿ ಕೇಳಿತು. ಬಾಯಿ ತುಂಬಿದ ದನಿ. "ತುಪ್ಪದ ಕೊಳಕ್ಕೆ ಬಂದು ತುಪ್ಪ ಇಲ್ದಂಗೆ ಹೋಳಿಗೆ ತಿನ್ನೋದಾತಲ್ರಿ."

ಅವಳು ನಕ್ಕಳು. ಜಮಖಾನದ ಮುಂದೆ ಬಂದು ಹೋದ ಅಷ್ಟೂ ಮನೆಯವರಿಗೆ ಆ ನಗು ಕೇಳಿಸಿರಲಿಲ್ಲ.

ನಾನು ಬೇಕೆಂದೇ ಕೆಮ್ಮುತ್ತ ಅಂಚು ಹತ್ತಿದೆ. ಬತೇರಿಯ ಗಿಡ್ಡ ಗೋಡೆಯ ಮೇಲೆ ಇಬ್ಬರೂ ಒಂದು ಮಾರು ದೂರ ಬಿಟ್ಟು ಮರ್ಯಾದೆಯಾಗಿ ಕೂತಿದ್ದರು. ನಡುವೆ ಖಾಲಿ ಡಬ್ಬಿ. "ಮಾವ, ನಿನಗಿಲ್ಲ" ಎಂದಳು. ಒಳ್ಳೆಯದಾಯಿತು ಎಂದೆ. ಹುಡುಗ ಎದ್ದು ತಾನು ಕೂತ ಜಾಗ ಬಿಟ್ಟುಕೊಟ್ಟ.

ಕೂತು ನೋಡಿದರೆ ಹಳೇ ಊರು ಪೂರ್ತಿ ಕಾಲ ಕೆಳಗೆ ಬಿದ್ದಿತ್ತು. ಹೆಂಚಿನ ಮನೆಗಳು ಒಂದರ ಬೆನ್ನಿಗೆ ಇನ್ನೊಂದು ಒತ್ತಿಕೊಂಡು ಬೆಟ್ಟದ ಬುಡಕ್ಕೆ ಒರಗಿದ್ದವು. ಒಂದು ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಹರವಿದ್ದರು. ಅಷ್ಟು ಎತ್ತರದಿಂದ ಅದು ಹಣೆಯ ಕುಂಕುಮದಷ್ಟಿತ್ತು. ಇನ್ನೊಂದರ ಮೇಲೆ ಹೆಂಗಸೊಬ್ಬಳು ಹಾಸಿಗೆ ಬಡಿಯುತ್ತಿದ್ದಳು. ಕೋಲು ಬಿದ್ದದ್ದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಗುಡಿಯ ಗೋಪುರ, ಹೊಂಡದ ಹಸಿರು ನೀರು, ಸಂದಿಯಲ್ಲಿ ಸಿಕ್ಕಿಕೊಂಡು ಹಾರನ್ನು ಒತ್ತುತ್ತಿದ್ದ ಒಂದು ಆಟೋ. ನಾನು ಎಷ್ಟೋ ಸಲ ಕೂತು ಬೇಸತ್ತಿದ್ದ ಕಚೇರಿಯನ್ನು ಹುಡುಕಿದೆ. ಮರಗಳ ನಡುವೆ ಬೆಂಕಿಪೊಟ್ಟಣದಷ್ಟು ಕಂಡಿತು. ಅದರೊಳಗೆ ಯಾರೋ ಬೆಂಚಿನ ಮೇಲೆ ಕೂತು ಈ ಗೋಡೆ ನೋಡುತ್ತಿರಬೇಕು ಎನ್ನಿಸಿ, ಅವರಿಗೆ ಕಾಣಲೆಂದು ಸ್ವಲ್ಪ ನೆಟ್ಟಗೆ ಕೂತೆ.

ಬತೇರಿ ಕಟ್ಟಿದ್ದು ದೂರದಿಂದ ಬರುವವರನ್ನು ಕಾಯಲು. ಕಾವಲಿನವರು ಇಲ್ಲಿ ಬಿಸಿಲು, ಗಾಳಿ, ಮಳೆಗೆ ಮೈಯೊಡ್ಡಿ ದಾರಿ ನೋಡುತ್ತ ನಿಂತಿರುತ್ತಿದ್ದರು. ನನಗೆ ನೆನಪಾದದ್ದು ಅಕ್ಕನ ಗೇಟು. ಅಷ್ಟು ವರ್ಷ ಅವಳು ನಿಂತದ್ದೂ ಇದೇ ಕೆಲಸಕ್ಕೆ. ಒಂದೇ ವ್ಯತ್ಯಾಸ: ಇಲ್ಲಿನವರು ಯಾರೂ ಬಾರದಿರಲಿ ಎಂದು ಕಾಯುತ್ತಿದ್ದರು.

ದಾವಣಗೆರೆ ಯಾವ ಕಡೆ ಎಂದು ಹುಡುಗಿ ಕೇಳಿದಳು. ಹುಡುಗ ಬೆರಳು ತೋರಿಸಿದ. ಅಲ್ಲಿ ಮಂಜು ಮಂಜಾದ ಬಯಲು ಬಿಟ್ಟರೆ ಏನೂ ಇರಲಿಲ್ಲ. ಅದು ಹರಿಹರದ ದಿಕ್ಕು, ದಾವಣಗೆರೆ ಇನ್ನೂ ಬಲಕ್ಕೆ ಎಂದು ಅವಳು ವಾದಿಸಿದಳು. ಅವನು ಸೂರ್ಯನನ್ನು ಸಾಕ್ಷಿಗೆ ಕರೆದ. ಅವಳು ಹೆದ್ದಾರಿಯನ್ನು ಕರೆದಳು. ಇಬ್ಬರೂ ನನ್ನ ತೀರ್ಪು ಕೇಳಿದರು. ಈ ಜಗಳ ಮುಂದೆ ತಾವೇ ನಡೆಸಿಕೊಂಡು ಹೋಗಬೇಕಾದದ್ದು, ನಾನು ತಲೆ ಹಾಕುವುದಿಲ್ಲ ಎಂದೆ.

ಇಳಿಯುವಾಗ ಹುಡುಗ ನನ್ನ ಮುಂದೆ ಇಳಿದು ನನ್ನ ಪಾದಗಳನ್ನು ಒಂದೊಂದಾಗಿ ಹಿಡಿದು ಕಚ್ಚಿನಲ್ಲಿಟ್ಟ. ಅಳಿಯನಿಂದ ಕಾಲು ಹಿಡಿಸಿಕೊಳ್ಳುವುದು ಕ್ರಮವಲ್ಲ. ಆದರೆ ಇನ್ನೂ ಅಳಿಯನಾಗಿರಲಿಲ್ಲ ಎಂದು ಸುಮ್ಮನಿದ್ದೆ.

ಮಂಟಪದಲ್ಲಿ ಯುದ್ಧ ಬೇರೊಂದು ಹಂತ ಮುಟ್ಟಿತ್ತು. ಅಕ್ಕನ ಬುಟ್ಟಿಯ ಅಡಿಯಲ್ಲಿ ಖಾರ ಮಂಡಕ್ಕಿಯ ಪೊಟ್ಟಣವಿತ್ತು. ಮಂಡಕ್ಕಿ ಊಟವಲ್ಲ, ತಿಂಡಿಯೂ ಅಲ್ಲ, ಅದು ಬರೀ ಬಾಯಾಡಿಸುವುದು ಎಂದು ಹುಡುಗನ ತಾಯಿ ಸೂಚಿಸಿದರಂತೆ. ಸಾವ್ಕಾರರು ಯೋಚಿಸಿ, ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ತೀರ್ಮಾನಿಸಿದರಂತೆ. ನಾವು ಬಂದಾಗ ಪೊಟ್ಟಣದ ಮೂಲೆ ಕೊಡವುತ್ತಿದ್ದರು. ಹಸಿವು ಅದರಿಂದ ಇನ್ನೂ ಹೆಚ್ಚಿತ್ತು.

ಹುಡುಗ ತಂದೆಯ ಮುಂದೆ ನಿಂತು ಕೈ ಕಟ್ಟಿದ.

"ಅಪ್ಪಾ, ನಾನು ಮ್ಯಾಲೆ ಹೋಳಿಗೆ ತಿಂದೆ."

ಸಾವ್ಕಾರರ ಕೈ ಪೊಟ್ಟಣದಲ್ಲೇ ನಿಂತಿತು. ಅಕ್ಕ ಮಗಳ ಕಡೆ ನೋಡಿದಳು. ಮಗಳು ಕಂಬದ ಶಿಲ್ಪ ನೋಡುತ್ತಿದ್ದಳು.

"ಯಾರ ಮನೇದು?"

"ಇವರ ಮನೇದು."

ಸಾವ್ಕಾರರು ಪೊಟ್ಟಣ ಮಡಚಿ ಬದಿಗಿಟ್ಟರು. ಬಿಡಿಸಿಕೊಳ್ಳಲು ಎಲ್ಲಾದರೂ ಸಂದಿಯಿದೆಯೇ ಎಂದು ಹುಡುಕುತ್ತಿದ್ದರು ಎಂದು ನನಗೆ ತೋರಿತು.

"ರುಚಿ ನೋಡಿದ್ಯೋ, ತಿಂದ್ಯೋ?"

"ಒಂದು ಪೂರ್ತಿ ತಿಂದೆ."

"ಬೆಟ್ಟದ ಮ್ಯಾಲೆ ತಿಂದಿದ್ದು ಮನ್ಯಾಗೆ ಉಂಡಂಗೆ ಆಗಲ್ಲ," ಎಂದು ಅವರು ಶುರು ಮಾಡಿದರು. "ಅದಕ್ಕೆ ಹಿರಿಯರು..."

ಬೆಳಿಗ್ಗೆಯಿಂದ ನಾಲ್ಕು ಮಾತೂ ಆಡದಿದ್ದ ಹುಡುಗನ ತಾಯಿ ಬುಟ್ಟಿ ತಮ್ಮ ಕಡೆ ಎಳೆದುಕೊಂಡರು. ಬಟ್ಟೆ ಸರಿಸಿದರು. ರೊಟ್ಟಿಯೊಂದನ್ನು ತೆಗೆದು, ಮುರಿದು, ಎಣ್ಣೆಗಾಯಿ ಹಚ್ಚಿ ಬಾಯಿಗಿಟ್ಟುಕೊಂಡರು. ಅಗಿದು ನುಂಗಿದರು.

"ಮಗ ಉಂಡ ಮ್ಯಾಲೆ ಹಡೆದೋರು ಯಾಕ್ರಿ ಉಪವಾಸ ಇರ್ಬೇಕು?" ಎಂದರು ಅಕ್ಕನಿಗೆ. "ಕೂಡ್ರಿ, ನೀವೂ ಉಣ್ರಿ. ಎಣ್ಣೆಗಾಯಿಗೆ ಗುರೆಳ್ಳು ಹಾಕೀರೇನು?"

ಅಕ್ಕ ಹೌದೆಂದು ತಲೆಯಾಡಿಸಿದಳು. ಬಡಿಸುವ ಭರದಲ್ಲಿ ಸಾವ್ಕಾರರ ಎಲೆಗೆ ಎರಡರ ಬದಲು ನಾಲ್ಕು ರೊಟ್ಟಿ ಬಿದ್ದವು. ಸಾವ್ಕಾರರು ರೊಟ್ಟಿಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಗೋಡೆಯ ಮೇಲಿನ ಕೋತಿಯನ್ನು ನೋಡಿದರು. ಆಮೇಲೆ ಕೊಡೆ ಮಡಿಸಿ ಪಕ್ಕಕ್ಕಿಟ್ಟು, ಅಂಗಿಯ ತೋಳು ಮೇಲಕ್ಕೆ ಸರಿಸಿದರು.

"ಬೀಗರೇ," ಎಂದರು ನನಗೆ, "ಆ ಚಟ್ನಿಪುಡಿ ಸ್ವಲ್ಪ ಇತ್ಲಾಗೆ ಸರಸ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ಎರಡೂ ಮನೆಯವರು ಒಟ್ಟಿಗೆ ಕೂತೆವು. ಭರಮಸಾಗರದಲ್ಲಿ ಸಾವ್ಕಾರರು ಅದೇ ಅಂಗಡಿಯಲ್ಲಿ, ಈ ಸಲ ನನ್ನ ಮುಖ ನೋಡಿಯೇ, ಚಹಾ ಕೊಡಿಸಿದರು. ಬೆಳಿಗ್ಗೆಯೂ ಚಹಾ ಚೆನ್ನಾಗಿತ್ತಲ್ಲ ಎಂದರು. ಹೌದು ಎಂದೆ. ದಾವಣಗೆರೆಯಲ್ಲಿ ನಾವು ಇಳಿಯುವಾಗ ಮಾತ್ರ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಂಭೀರವಾಗಿ, "ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದರು. ಹುಡುಗಿ ನನ್ನ ಕಡೆ ನೋಡಿದಳು. ಬಸ್ಸಿನ ಒಳಗೆ ಹುಡುಗ ತಲೆ ಚಚ್ಚಿಕೊಳ್ಳುವುದು ಕಾಣಿಸಿತು.

ಮುಂದಿನ ಸೋಮವಾರ ಒಳ್ಳೆಯ ದಿನ, ಅವತ್ತು ತಮ್ಮ ಕಡೆಯ ಹಿರಿಯರೊಬ್ಬರು ಒಪ್ಪಿಗೆ ಹೇಳಲು ಬರುತ್ತಾರೆ ಎಂದು ಆಮೇಲೆ ಹರಿಹರದಿಂದ ಫೋನು ಬಂತು. ಅಷ್ಟರಲ್ಲಿ ಭಾವ ಛತ್ರ ವಿಚಾರಿಸಿದ್ದರು, ಅಕ್ಕ ಸೀರೆ ಆರಿಸಿದ್ದಳು. ಆ ಸೋಮವಾರ ಹುಡುಗಿ ಶಾಲೆಗೆ ಹೋಗಿದ್ದಳು. ನಾನು ಹೋದಾಗ ಅಕ್ಕ ಹೊಸ ಸೀರೆಯುಟ್ಟು, ಬೆಳಗಿನಿಂದ, ಗೇಟಿನ ಹತ್ತಿರ ನಿಂತಿದ್ದಳು. ಬಿಸಿಲಿನಲ್ಲಿ ಯಾಕೆ ನಿಂತಿದ್ದೀಯೆ, ಏನು ಹೇಳುತ್ತಾರೆಂದು ಕೋತಿಗಳಿಗೂ ಗೊತ್ತಿದೆ, ಒಳಗೆ ಬಾ ಎಂದೆ.

ಅವಳು ತಿರುವಿನಿಂದ ಕಣ್ಣು ತೆಗೆಯಲಿಲ್ಲ.

"ನಿಂತಿರ್ತೀನಿ ಬಿಡೋ ತಮ್ಮಾ," ಎಂದಳು. "ಹೇಳಿ ಕಳಿಸಿದೋರು ಬರೋದನ್ನ ಒಂದ್ಸಲನಾದ್ರೂ ಕಣ್ಣಿಂದ ನೋಡ್ಬೇಕಲ್ಲ."

ತಿರುವಿನಲ್ಲಿ ಬಿಳಿ ಅಂಗಿಯವರೊಬ್ಬರು ಆಟೋದಿಂದ ಇಳಿದರು. ಅಕ್ಕ ಸೆರಗು ಸರಿಮಾಡಿಕೊಂಡಳು.